ಹೊಟ್ಟೆ ತುಂಬ ಉಂಡು ಸೊರಗಿದ್ದು

ಆಗ ನನಗೆ ಅರವತ್ತೆರಡು. ಅದಾಗಿ ಈಗ ಐದು ವರ್ಷವಾಯಿತು. ಆಧಾರ್ ಕಾರ್ಡಿನಲ್ಲಿ ವಯಸ್ಸು ಬೇರೆ ಬರೆದಿದ್ದಾರೆ, ಅದನ್ನು ಬಿಡಿ. ನಮ್ಮ ಅವ್ವ ಹೇಳಿದ ಲೆಕ್ಕವೇ ನನ್ನ ಲೆಕ್ಕ.

ಹೊಕ್ಕುಳಿನ ಮೇಲೆ ಒಂದು ಗಂಟು ಬಂದಿತ್ತು. ಮೊದಲು ನಿಂಬೆಹಣ್ಣಿನಷ್ಟು ಇತ್ತು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಅಂಗಾತ ಮಲಗಿದರೆ ಒಳಗೆ ಹೋಗುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಸೀರೆಯ ನೆರಿಗೆಯನ್ನು ಅದರ ಮೇಲೆ ಬಿಗಿಯಾಗಿ ಸಿಕ್ಕಿಸಿಕೊಂಡು ಓಡಾಡಿದೆ. ಹೇಳದಿದ್ದುದು ನಾಚಿಕೆಗಲ್ಲ, ಅಂಜಿಕೆಗೆ. ನಮ್ಮ ಅತ್ತೆಗೂ ಅದೇ ಜಾಗದಲ್ಲಿ ಅಂಥದೇ ಗಂಟು ಇತ್ತು. ಒಂದು ದಿನ ಅದು ಒಳಗೆ ಹೋಗಲಿಲ್ಲ. ಕಲ್ಲಿನ ಹಾಗೆ ಗಟ್ಟಿಯಾಯಿತು, ಮೇಲಿನ ತೊಗಲು ನೇರಳೆ ಬಣ್ಣಕ್ಕೆ ತಿರುಗಿತು, ವಾಂತಿ ಶುರುವಾಯಿತು. ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ ಸಿಂಧನೂರಿಗೆ ಒಯ್ಯುವಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಊರು ಮುಟ್ಟುವ ಮೊದಲೇ ಹೋದಳು. ಆ ತೊಗಲಿನ ಬಣ್ಣವನ್ನು ನಾನು ಮರೆತಿಲ್ಲ.

ನನ್ನ ಗಂಟು ಉಳ್ಳಾಗಡ್ಡಿಯಷ್ಟಾದಾಗ ಸೊಸೆ ಕಂಡಳು. ಬಚ್ಚಲಲ್ಲಿ ಬೆನ್ನು ತಿಕ್ಕುತ್ತಿದ್ದಳು.

"ಅತ್ತೀ, ಇದೇನ್ರೀ ಇದು?"

"ಹೊಕ್ಕಳ."

"ಹೊಕ್ಕಳ ನನಗೂ ಐತಿ. ಹಿಂಗ ಹೊರಗ ಹಣಿಕಿ ಹಾಕಿ ನೋಡಂಗಿಲ್ಲ."

ಸಂಜೆಯೊಳಗೆ ಮನೆಗೆಲ್ಲ ಗೊತ್ತಾಯಿತು. ಮರುದಿನ ನಮ್ಮ ಮನೆಯವರು ನನ್ನನ್ನು ಸಿಂಧನೂರಿನ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ಕೆಮ್ಮಿಸಿದರು, ಮಲಗಿಸಿ ಒತ್ತಿ ನೋಡಿದರು. ಕರುಳು ಹೊರಗೆ ತೂರಿಕೊಂಡು ಬರುತ್ತಿದೆ, ಕೊಯ್ದು ಹೊಲಿಯಬೇಕು ಅಂದರು. ಹೊಲಿಯಿರಿ ಅಂದೆ. ಈಗ ಆಗುವುದಿಲ್ಲ ಅಂದರು.

"ಹೊಟ್ಟಿ ಮ್ಯಾಲ ಇಷ್ಟು ಕೊಬ್ಬು ಇಟ್ಕೊಂಡು ಹೊಲದ್ರ ಹೊಲಿಗಿ ನಿಲ್ಲಂಗಿಲ್ಲಮ್ಮಾ, ಮತ್ತ ಹರೀತದ. ತೂಕ ಇಳಿಸ್ಕೊಂಡು ಬಾ."

"ಎಷ್ಟು?"

"ಎಪ್ಪತ್ತೈದು ಕಿಲೋದ ಒಳಗ ಬಾ."

ಹಿಂದೆ ನಿಂತಿದ್ದ ನಮ್ಮ ಮನೆಯವರು, "ಅಂದ್ರ ಒಂದು ಚೀಲ ಭತ್ತ," ಅಂದರು. ನಮ್ಮ ಕಡೆ ಭತ್ತದ ಚೀಲ ಅಷ್ಟೇ ತೂಗುತ್ತದೆ. ನಾನು ಆಗ ಒಂದು ಚೀಲವೂ ಅದರ ಮೇಲೆ ತುಂಬಿದ ಒಂದು ಕೊಡವೂ ಆಗಿದ್ದೆ.

"ಅಲ್ಲೀತನ ಇದು ಸಿಗಿಬಿದ್ರ?" ಎಂದು ಕೇಳಿದೆ.

"ಗಟ್ಟಿಯಾಗಿ ಒಳಗ ಹೋಗ್ಲಿಲ್ಲಂದ್ರ, ನೋವು ಬಂದ್ರ, ವಾಂತಿ ಆದ್ರ, ಹೊತ್ತು ನೋಡಬ್ಯಾಡ್ರಿ. ಹಂಗ ಎದ್ದು ಬರ್ರಿ."

ಅತ್ತೆಗೆ ಆದದ್ದನ್ನೆಲ್ಲ ಅವರು ಕಣ್ಣಾರೆ ಕಂಡವರ ಹಾಗೆ ಹೇಳಿದರು. ನಾಳೆಯಿಂದಲೇ ಉಪವಾಸ ಇರುತ್ತೇನೆ ಅಂದೆ.

"ಉಪವಾಸ ಯಾಕ? ಹೊಟ್ಟಿ ತುಂಬ ಉಣ್ಣು. ಉಣ್ಣೋದು ಬದಲ ಮಾಡು. ಅನ್ನ ಕಡಿಮಿ ಮಾಡು, ಎಣ್ಣಿ ಕಡಿಮಿ ಮಾಡು, ಶೇಂಗಾ ಬೆಲ್ಲ ಬಂದ್. ಸೊಪ್ಪು, ಕಾಯಿಪಲ್ಯ, ಕಾಳು, ಮಜ್ಜಿಗಿ, ಇವು ಎಷ್ಟು ಬೇಕೋ ಅಷ್ಟು."

ಹೊರಗೆ ಬಂದ ಮೇಲೆ ನಮ್ಮ ಮನೆಯವರಿಗೆ ಹೇಳಿದೆ, "ಈ ಡಾಕ್ಟ್ರು ಹೊಟ್ಟಿ ತುಂಬ ಉಂಡು ತೆಳ್ಳಗಾಗು ಅಂತಾರ. ಹುಚ್ಚು ಗಿಚ್ಚು ಹಿಡದೈತೇನು ನೋಡ್ರಿ." ಅವರು ಬಸ್ಸು ಬಂತೆಂದು ಓಡಿದರು.

ನಾನು ಹುಟ್ಟಿದ್ದು ಪಾಮನಕಲ್ಲೂರಿನಲ್ಲಿ. ಅದು ಮಳೆಯನ್ನು ನಂಬಿದ ಹೊಲಗಳ ಊರು. ಜೋಳ, ಸಜ್ಜೆ, ಹೊಲದಲ್ಲಿ ಎದ್ದ ಸೊಪ್ಪು, ಇಷ್ಟೇ ನಮ್ಮ ಊಟ. ದಢೇಸುಗೂರಿಗೆ ಸೊಸೆಯಾಗಿ ಬಂದ ಮೇಲೆ ಮೂರು ಹೊತ್ತು ಅನ್ನ ನೋಡಿದೆ. ಕಾಲುವೆಯ ನೀರು ಬಂದು ಎಲ್ಲ ಕಡೆ ಭತ್ತ ನಿಂತಿತ್ತು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅನ್ನ ಮಜ್ಜಿಗೆ, ನಡುವೆ ಒಂದು ಹಿಡಿ ಶೇಂಗಾ ಬೆಲ್ಲ. ನನ್ನ ಮೈ ಬೆಳೆದದ್ದು ಈ ಊರಿನಲ್ಲಿ.

ಡಾಕ್ಟರು ಹೇಳಿದ್ದು ನನ್ನ ತವರುಮನೆಯ ಊಟ. ಬೆಳಿಗ್ಗೆ ಜೋಳದ ನುಚ್ಚು ಮಾಡಿಕೊಂಡೆ. ಒಂದು ಹಿಡಿ ನುಚ್ಚಿಗೆ ನೀರು ಧಾರಾಳ ಹಾಕಿ ಬೇಯಿಸಿ, ಆರಿದ ಮೇಲೆ ಕಡೆದ ಮಜ್ಜಿಗೆ ಸುರಿದು, ಹಸಿ ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಗಂಗಾಳ ತುಂಬ ಕುಡಿಯುತ್ತಿದ್ದೆ. ಮಧ್ಯಾಹ್ನದವರೆಗೆ ಹಸಿವಿನ ನೆನಪೇ ಬರುತ್ತಿರಲಿಲ್ಲ. ಮಧ್ಯಾಹ್ನ ಒಂದು ರೊಟ್ಟಿ, ಅದಕ್ಕೆ ಬುಟ್ಟಿ ಪಲ್ಯ. ರೊಟ್ಟಿ ಇರುವುದು ಪಲ್ಯ ಹಿಡಿಯಲಿಕ್ಕೆ ಅಷ್ಟೇ ಅನ್ನುವ ಹಾಗೆ ಉಂಡೆ. ಹುಳಿ ಹುಳಿಯಾದ ಪುಂಡಿ ಸೊಪ್ಪಿನ ಪಲ್ಯವನ್ನು ಎಣ್ಣೆ ತೇಲುವಂತೆ ಮಾಡುವುದು ಎಲ್ಲರ ರೂಢಿ. ನಾನು ಒಗ್ಗರಣೆಗೆ ಒಂದು ಹನಿ ಹಾಕಿ, ಬೆಳ್ಳುಳ್ಳಿ ಹೆಚ್ಚು ಜಜ್ಜಿ ಹಾಕಿದೆ. ಹುಳಿಗೆ ಹುಳಿ, ಖಾರಕ್ಕೆ ಖಾರ. ಎಣ್ಣೆ ಇಲ್ಲವೆಂದು ನಾಲಿಗೆ ತಕರಾರು ಮಾಡಲಿಲ್ಲ. ಹುರುಳಿ ಬೇಯಿಸಿದ ಕಟ್ಟಿನಿಂದ ಸಾರು ಮಾಡಿ ಬಿಸಿಬಿಸಿ ಎರಡು ಬಟ್ಟಲು ಕುಡಿದರೆ ಮೈ ಬೆವರುತ್ತಿತ್ತು, ಆಮೇಲೆ ಅನ್ನದ ಪಾತ್ರೆ ಕಡೆ ನೋಡುವ ಮನಸ್ಸೇ ಬರುತ್ತಿರಲಿಲ್ಲ. ಹೆಸರುಕಾಳು ಮೊಳಕೆ ಬರಿಸಿ, ಉಪ್ಪು ಹಸಿಮೆಣಸಿನಕಾಯಿ ಹಾಕಿ ಸುಮ್ಮನೆ ಅಗಿಯುತ್ತಿದ್ದೆ. ಅಗಿಯುವ ಊಟಕ್ಕೆ ಹೊತ್ತು ಹಿಡಿಯುತ್ತದೆ. ಅಗಿದು ಅಗಿದು ದವಡೆ ಸೋಲುವಷ್ಟರಲ್ಲಿ ಹೊಟ್ಟೆ ಸಾಕು ಅನ್ನುತ್ತಿತ್ತು.

ಎಲ್ಲಕ್ಕಿಂತ ನನಗೆ ಸೇರುವುದು ಹತ್ತರಕಿ. ಅದು ಬೆಳೆಯ ನಡುವೆ ತಾನೇ ಏಳುವ ಸೊಪ್ಪು. ಬೇಯಿಸುವುದು ಬೇಡ, ತೊಳೆದು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವುದು. ಪಾಮನಕಲ್ಲೂರಿನಲ್ಲಿ ಅದು ಪಲ್ಯ, ಇಲ್ಲಿ ಅದು ಕಸ. ನಾನು ಬದುವಿನ ಮೇಲೆ ಕುಳಿತು ಆ ಸೊಪ್ಪು ಹರಿಯುತ್ತಿದ್ದರೆ ಕಳೆ ತೆಗೆಯುವ ಹೆಂಗಸರು ನಗುತ್ತಿದ್ದರು. ಸೊಸೆಗೆ ಸಿಟ್ಟು.

"ಅತ್ತೀ, ನಾಕು ಮಂದಿ ನೋಡೋ ಜಾಗದಾಗ ಹರೀಬ್ಯಾಡ್ರಿ. ಸೊಸಿ ಕೂಳು ಹಾಕಂಗಿಲ್ಲ, ಹುಲ್ಲು ತಿಂದು ಬದುಕ್ಯಾಳ ಅಂತಾರ."

"ಅನ್ನಲಿ ಬಿಡು. ಎಮ್ಮಿಗಿ ಹಾಕೋದ್ರಾಗ ನನಗೂ ಒಂದು ಹಿಡಿ ಹಾಕ್ತಾಳ ಅಂತ ಹೇಳ್ತೀನಿ."

ನಮ್ಮ ಓಣಿಯ ಕೊನೆಗೆ ಭತ್ತದ ವ್ಯಾಪಾರಿಯ ಗೋದಾಮು ಇದೆ. ಅಲ್ಲಿ ಚೀಲ ತೂಗುವ ಕಾಟಾ ಇದೆ. ದವಾಖಾನೆಗೆ ಹೋಗಿ ತೂಗಿಸಿಕೊಳ್ಳುವುದು ಯಾಕೆಂದು ನಾನು ಅದರ ಮೇಲೆಯೇ ಹತ್ತಿ ನಿಲ್ಲುತ್ತಿದ್ದೆ. ಮುಳ್ಳು ನೋಡಿ ಹೇಳುವುದು ನಮ್ಮ ಮನೆಯವರ ಕೆಲಸ. ಭತ್ತ ಕೊಯ್ಯುವ ಹೊತ್ತಿಗೆ ಚೀಲದ ಮೇಲಿನ ಕೊಡ ಅರ್ಧ ಆಗಿತ್ತು. "ಚೀಲ ಸೋರಾಕತ್ತೈತಿ," ಅಂದರು. ನಾನು ಖುಷಿಯಾದೆ. ಡಾಕ್ಟರು ಹುಚ್ಚರಲ್ಲ ಅನ್ನಿಸಿತು.

ಆ ಖುಷಿ ಬಹಳ ದಿನ ನಿಲ್ಲಲಿಲ್ಲ. ಬಳೆ ಮೊಣಕೈಯವರೆಗೆ ಜಾರತೊಡಗಿದವು. ಕುಪ್ಪಸ ಹೆಗಲ ಮೇಲೆ ನಿಲ್ಲದಾಯಿತು. ಕನ್ನಡಿಯಲ್ಲಿ ನೋಡಿದರೆ ಕೊರಳಿನ ತೊಗಲು ಜೋತು ಬಿದ್ದಿತ್ತು. ನಾನು ದಿನಾ ಹೊಟ್ಟೆ ಬಿರಿಯ ಉಣ್ಣುತ್ತಿದ್ದೆ. ತೇಗು ಬರುವವರೆಗೆ ಉಣ್ಣುತ್ತಿದ್ದೆ. ಮತ್ತೆ ಈ ಮೈ ಎಲ್ಲಿಗೆ ಹೋಗುತ್ತಿದೆ?

ನಾನು ಕಂಡ ಲೋಕದಲ್ಲಿ ಮನುಷ್ಯ ಸೊರಗುವುದು ಎರಡೇ ಕಾರಣಕ್ಕೆ. ಒಂದು, ಉಣ್ಣಲು ಇಲ್ಲದೆ. ಇನ್ನೊಂದು, ಉಂಡದ್ದನ್ನು ಒಳಗಿನ ಬೇನೆ ಉಣ್ಣುವುದರಿಂದ. ನಮ್ಮ ಅಪ್ಪ ಕಡೆಯ ವರ್ಷ ಗಂಗಾಳ ತುಂಬ ಉಣ್ಣುತ್ತಿದ್ದ, ಆದರೂ ಕೋಲಿನ ಹಾಗಾಗಿ ಸತ್ತ. ನನಗೆ ಹಸಿವು ಇಲ್ಲ, ಊಟಕ್ಕೆ ಕೊರತೆ ಇಲ್ಲ. ಹಾಗಾದರೆ ಉಳಿದದ್ದು ಎರಡನೆಯ ಕಾರಣ ಒಂದೇ. ಸೊಪ್ಪು ಕಾಯಿಪಲ್ಯ ಹೊಟ್ಟೆಯನ್ನೂ ತುಂಬಿಸಿ ಮೈಯನ್ನೂ ಇಳಿಸುತ್ತದೆ ಎಂದು ಡಾಕ್ಟರು ಹೇಳಿದ್ದರು, ನಿಜ. ಕಿವಿ ಕೇಳಿತ್ತು, ಆದರೆ ಜೀವ ನಂಬಲಿಲ್ಲ. ಹೊಟ್ಟೆ ತುಂಬಿದ ಮೇಲೆ ತುಂಬಿತು. ಅದು ಏತರಿಂದ ತುಂಬಿತು ಎಂದು ಮೈ ಲೆಕ್ಕ ಇಡುತ್ತದೆಂದು ನನಗೆ ಯಾರು ಕಲಿಸಿದ್ದರು?

ಡಾಕ್ಟರನ್ನು ಹೋಗಿ ಕೇಳಬಹುದಿತ್ತು. ಕೇಳಿದರೆ ಹೇಳಿಬಿಟ್ಟಾರು ಎಂದು ಹೋಗಲಿಲ್ಲ.

ಮಾಘ ಮಾಸದಲ್ಲಿ ಮಸ್ಕಿಯಲ್ಲಿ ನೆಂಟರ ಮದುವೆ ಇತ್ತು. ಹೋದೆ. ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ಕುಳಿತ ದೂರದ ಸಂಬಂಧದ ಹೆಂಗಸು ಬಾಯಿಗೆ ಒಯ್ದ ತುತ್ತನ್ನು ಅಲ್ಲೇ ನಿಲ್ಲಿಸಿದಳು.

"ಎವ್ವಾ! ನೀನೇನ? ಗುರ್ತ ಸಿಗಲಿಲ್ಲಲ್ಲ ಬೇ. ಹಿಂಗ್ಯಾಕ ಇಳದಿ?"

"ಸೊಪ್ಪು ತಿನ್ನಾಕತ್ತೀನಿ."

"ಸೊಪ್ಪು ತಿಂದ್ರ ಯಾರರ ಹಿಂಗ ಆಗ್ತಾರೇನು?" ಅಂದು, ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಪಕ್ಕದವಳು ನನ್ನನ್ನು ನೋಡಿ, ಬೇಗ ಕಣ್ಣು ಕೆಳಗೆ ಹಾಕಿದಳು. ಆ ಕಣ್ಣು ಕೆಳಗೆ ಹಾಕಿದ್ದು ನನ್ನ ಎದೆಗೆ ಬಡಿಯಿತು. ಸಾಯುವವರ ಮುಖವನ್ನು ಮಂದಿ ಹಾಗೆ ನೋಡುತ್ತಾರೆ.

ಮನೆಗೆ ಬಂದ ಮೇಲೆ ಅಲ್ಲಿಯೂ ಅದೇ ಕಂಡಿತು. ಸೊಸೆ ಮತ್ತು ನಮ್ಮ ಮನೆಯವರು ದನದ ಕೊಟ್ಟಿಗೆಯಲ್ಲಿ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು, ನಾನು ಹೋದರೆ ಸುಮ್ಮನಾಗುತ್ತಿದ್ದರು. ಒಮ್ಮೆ ಹಾಲು ಉಕ್ಕಿಸಿಬಿಟ್ಟೆ. ಅಷ್ಟೂ ಹಾಲು ಒಲೆಯ ಪಾಲಾಯಿತು. ನಮ್ಮ ಮನೆಯವರು, "ಇರಲಿ ಬಿಡು, ಹಾಲು ತಾನ," ಅಂದರು. ಮದುವೆಯಾದಾಗಿನಿಂದ ಬೈದುಕೊಂಡು ಬಂದ ಗಂಡಸು ಒಮ್ಮೆಲೇ ಬೈಯುವುದು ಬಿಟ್ಟರೆ ಹೆಂಗಸಿಗೆ ಅಂಜಿಕೆ ಬರದೆ ಇನ್ನೇನು ಬರುತ್ತದೆ? ಡಾಕ್ಟರು ಇವರಿಗೆ ಏನೋ ಹೇಳಿದ್ದಾರೆ, ನನಗೆ ಹೇಳಿಲ್ಲ ಎಂದು ಖಾತ್ರಿಯಾಯಿತು. ಟ್ರ್ಯಾಕ್ಟರ್ ಹೊಡೆಯುತ್ತಾ ಊರೂರು ಸುತ್ತುವ ಮಗ ಕೂಡ ದಿನಾ ಫೋನು ಮಾಡಿ, "ಅವ್ವಾ, ಉಂಡ್ಯಾ?" ಅನ್ನತೊಡಗಿದ. ಮೊದಲು ವಾರಕ್ಕೊಮ್ಮೆ ಮಾಡಿದರೆ ದೊಡ್ಡದು.

ಗಂಟಿನ ಅಂಜಿಕೆ ಮೇಲೆ ಇನ್ನೊಂದು ಅಂಜಿಕೆ ಬಂದು ಕುಳಿತಿತು. ಕುಳಿತರೆ ಹೊಟ್ಟೆ ಮುಟ್ಟಿಕೊಳ್ಳುತ್ತಿದ್ದೆ, ಎದ್ದರೆ ಬಳೆ ಎಲ್ಲಿಯವರೆಗೆ ಏರುತ್ತವೆ ನೋಡುತ್ತಿದ್ದೆ.

ಹೀಗಿರುವಾಗ ಪಾಮನಕಲ್ಲೂರಿನಿಂದ ನನ್ನ ತಂಗಿ ಬಂದಳು. ಬರುತ್ತೇನೆಂದು ಹೇಳಿ ಕಳಿಸಿರಲಿಲ್ಲ. ತಲೆಯ ಮೇಲೆ ದೊಡ್ಡ ಬುತ್ತಿಯ ಗಂಟು. ಬಿಚ್ಚಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳಿನ ಪುಡಿ, ಬದನೆಕಾಯಿ ಎಣ್ಣೆಗಾಯಿ, ಡಬ್ಬಿ ತುಂಬ ಕರಿದ ಕರ್ಚಿಕಾಯಿ. ತವರಿನಿಂದ ಬುತ್ತಿ ಬರುವುದು ಹೊಸದಲ್ಲ. ಆದರೆ ಗಂಟಿನ ತಳದಲ್ಲಿ ಇನ್ನೊಂದು ಸಣ್ಣ ಗಂಟು ಇತ್ತು. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಹಸಿರು ಬಳೆ, ಒಂದು ಹೊಸ ಕುಪ್ಪಸದ ಬಟ್ಟೆ. ಅಂದರೆ ನನಗೆ ಉಡಿ ತುಂಬಲು ಬಂದಿದ್ದಳು. ಮದುವೆಯಾದ ಹುಡುಗಿಗೆ, ಬಸುರಿಗೆ ಉಡಿ ತುಂಬುತ್ತೇವೆ. ಹಬ್ಬಕ್ಕೆ ತುಂಬುತ್ತೇವೆ. ಇನ್ನೊಂದು ಹೊತ್ತಿಗೂ ತುಂಬುತ್ತೇವೆ. ಗಂಡ ಇರುವ ಹೆಂಗಸು ಇನ್ನು ಏಳುವುದಿಲ್ಲ ಎಂದು ತಿಳಿದರೆ ತವರಿನವರು ಬಂದು ಕಡೆಯ ಸಲ ಉಡಿ ತುಂಬಿ, ತವರಿನ ಕೂಳು ಉಣ್ಣಿಸಿ ಹೋಗುತ್ತಾರೆ.

ಆ ಸಣ್ಣ ಗಂಟನ್ನು ದೂರ ಸರಿಸಿದೆ.

"ಏನ ಬೇ ಇದು? ಯಾವ ಹಬ್ಬ ಐತಿ ಈಗ?" ಎಂದೆ.

"ಹಬ್ಬ ಇದ್ರನ ಬರಬೇಕೇನು ಯಕ್ಕಾ? ನಿನ್ನ ನೋಡಬೇಕನಿಸ್ತು."

"ನೋಡಾಕ ಬಂದಾಕಿ ಉಡಿ ಸಾಮಾನು ಯಾಕ ತಂದಿ?"

ತಂಗಿ ನನ್ನ ಸೊಸೆಯ ಮುಖ ನೋಡಿದಳು. ಸೊಸೆ ಒಲೆಯ ಮುಖ ನೋಡಿದಳು.

"ಮುತ್ತೈದಿ ಉಡಿ ಯಾವಾಗ ತುಂಬಿದ್ರೂ ಛಲೋನ," ಅಂದಳು ತಂಗಿ.

"ಸುಳ್ಳ ಹೇಳಬ್ಯಾಡ. ಅವ್ವಗ ಹಿಂಗ ತುಂಬಿದಾಗ ನಾನೂ ಇದ್ದೆ. ಆ ವಾರದಾಗನ ಹೋದಳು."

ಅಷ್ಟಕ್ಕೆ ತಂಗಿ ಗೋಳೋ ಎಂದು ಅತ್ತಳು. "ಹಂಗಾದ್ರ ನಿನಗ ಗೊತ್ತೈತೇನ ಯಕ್ಕಾ?"

"ಏನು ಗೊತ್ತೈತಿ?"

"ಅದ… ದೊಡ್ಡ ಬ್ಯಾನಿ."

ಆ ಬೇನೆಯ ಹೆಸರನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಗೋಡೆ ಹಿಡಿದು ಕುಳಿತೆ. ಕುಳಿತು ನಮ್ಮ ಮನೆಯವರನ್ನು ಕರೆದೆ. ಬಂದರು, ಬಾಗಿಲಲ್ಲೇ ನಿಂತರು.

"ಇಲ್ಲಿ ನೋಡ್ರಿ. ಡಾಕ್ಟ್ರು ನಿಮಗೇನು ಹೇಳ್ಯಾರ? ಮುಚ್ಚಬ್ಯಾಡ್ರಿ. ಸಾಯೋದಾದ್ರ ನಾನು ಸಾಯಾಕಿ, ನೀವಲ್ಲ."

"ನನಗೇನೂ ಹೇಳಿಲ್ಲ," ಅಂದರು. "ನಿನಗ ಹೇಳ್ಯಾರ, ನೀ ಮುಚ್ಚಿಟ್ಟೀದಿ ಅಂತ ತಿಳಕೊಂಡೀನಿ."

"ನಾನ್ಯಾಕ ಮುಚ್ಚಿಡ್ಲಿ?"

"ಅನ್ನ ಬಿಟ್ಟಿ, ಎಣ್ಣಿ ಬಿಟ್ಟಿ, ಹೋಳಿಗಿ ಬಿಟ್ಟಿ. ಹೊಕ್ಕಳದ ಗಂಟಿಗೆ ಯಾರರ ಇಷ್ಟು ಬಿಡ್ತಾರೇನು? ಒಳಗ ಏನೋ ಐತಿ ಅಂತ ನಾನು ತಿಳಕೊಂಡೆ."

ಸೊಸೆ ಮೂಗೊರೆಸಿಕೊಂಡು, "ನಾನು ಮಾವಾರಿಗೆ ಹೇಳ್ಯಾರ ಅಂತ ತಿಳಕೊಂಡಿದ್ದೆ ರೀ. ಅದಕ್ಕ ನಿಮ್ಮ ಮಗಗ ಫೋನ್ ಮಾಡಿ ಹೇಳೀನಿ," ಅಂದಳು.

ತಂಗಿಗೆ ಹೇಳಿದವರು ಮಸ್ಕಿಯ ಮದುವೆಯಲ್ಲಿ ನನ್ನನ್ನು ನೋಡಿದ ಮಂದಿ. ಡಾಕ್ಟರು ಯಾರಿಗೂ ಏನೂ ಹೇಳಿರಲಿಲ್ಲ. ಒಬ್ಬರ ಮುಖ ನೋಡಿ ಇನ್ನೊಬ್ಬರು ಅಂಜಿದ್ದರು. ಕೇಳಿ ಒಂದು ಗಳಿಗೆ ಹಗುರಾಯಿತು, ಅಷ್ಟೇ. ಯಾರಿಗೂ ಗೊತ್ತಿಲ್ಲ ಅಂದರೆ ಬೇನೆ ಇಲ್ಲ ಎಂದಲ್ಲವಲ್ಲ. ಬಳೆ ಇನ್ನೂ ಮೊಣಕೈಯವರೆಗೆ ಜಾರುತ್ತಿದ್ದವು.

ತಂಗಿ ಕಣ್ಣೊರೆಸಿಕೊಂಡು ಹೋಳಿಗೆಯನ್ನು ನನ್ನ ಮುಂದೆ ಸರಿಸಿದಳು.

"ಯಕ್ಕಾ, ಒಂದು ಕೆಲಸ ಮಾಡು. ಮೊದಲಿನಂಗ ಉಣ್ಣು. ಅನ್ನ, ಹೋಳಿಗಿ, ತುಪ್ಪ. ಮೈಗೆ ಹತ್ತಿದ್ರ ಬ್ಯಾನಿ ಇಲ್ಲಂತ ತಿಳಿ. ಹತ್ತಲಿಲ್ಲಂದ್ರ…"

"ಹತ್ತಲಿಲ್ಲಂದ್ರ ಉಡಿ ತುಂಬಿ ಹೋಗು."

ಆ ಮಾತು ಎಲ್ಲರಿಗೂ ಸರಿ ಕಂಡಿತು. ನನಗೂ ಸರಿ ಕಂಡಿತು. ಈಗ ಯೋಚಿಸಿದರೆ, ದವಾಖಾನೆಗೆ ಹೋಗುವ ಬಸ್ಸು ನಮ್ಮ ಮನೆಯ ಮುಂದೆಯೇ ನಿಲ್ಲುತ್ತದೆ. ಆಗ ಅದು ಯಾರ ತಲೆಗೂ ಹೊಳೆಯಲಿಲ್ಲ. ತಿಂದು ನೋಡುವುದೇ ನಮಗೆ ತಿಳಿದ ಪರೀಕ್ಷೆ.

ತಂಗಿ ಉಳಿದಳು. ಉಡಿಯ ಗಂಟನ್ನು ದೇವರ ಜಗುಲಿಯ ಮೇಲೆ ಇಟ್ಟಳು. ನಾನು ಅದನ್ನು ನೋಡುತ್ತಲೇ ಉಂಡೆ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಅದರ ಜೊತೆ ಮಿರ್ಚಿ. ಮಧ್ಯಾಹ್ನ ಅನ್ನ, ಎಣ್ಣೆಗಾಯಿ. ಊಟದ ಮೇಲೆ ತುಪ್ಪ ಸುರಿದ ಹೋಳಿಗೆ. ರುಚಿ ಇರಲಿಲ್ಲ ಎಂದರೆ ಸುಳ್ಳಾದೀತು. ಬಹಳ ರುಚಿ ಇತ್ತು. ಆದರೆ ಒಂದು ವಿಚಿತ್ರ ಕಂಡೆ. ಒಗ್ಗರಣೆ ತಿಂದು ಎದ್ದು, ಎಮ್ಮೆಗೆ ನೀರು ಕುಡಿಸಿ ಬರುವಷ್ಟರಲ್ಲಿ ಮತ್ತೆ ಏನಾದರೂ ಬೇಕು ಅನ್ನಿಸುತ್ತಿತ್ತು. ನುಚ್ಚು ಮಜ್ಜಿಗೆ ಕುಡಿದಾಗ ಹಾಗೆ ಆಗಿರಲಿಲ್ಲ. ಹಸಿವಾದರೆ ಹೆದರಿಕೆ, ತಿಂದದ್ದು ಒಳಗಿನ ಬೇನೆಗೆ ಹೋಯಿತೇನೋ ಎಂದು. ಮತ್ತೆ ಒಂದು ಕರ್ಚಿಕಾಯಿ ತಿನ್ನುತ್ತಿದ್ದೆ.

ತಂಗಿ ತಂದ ಬುತ್ತಿ ಮುಗಿಯಿತು. ಅವಳೇ ಕುಳಿತು ಮತ್ತೆ ಹೋಳಿಗೆ ಮಾಡಿದಳು. ಅದೂ ಮುಗಿಯುತ್ತಾ ಬಂದ ಮೇಲೆ ನಾವೆಲ್ಲ ಗೋದಾಮಿಗೆ ಹೋದೆವು. ನಾನು ಕಾಟಾ ಹತ್ತಿ ಕಣ್ಣು ಮುಚ್ಚಿಕೊಂಡೆ. ಹಮಾಲರು ಚೀಲ ಇಳಿಸುವುದನ್ನು ಬಿಟ್ಟು ನಿಂತರು. ನಮ್ಮ ಮನೆಯವರು ಬಗ್ಗಿ ನೋಡಿ, ಮತ್ತೊಮ್ಮೆ ನೋಡಿ, "ಏರೈತಿ!" ಎಂದು ಕೂಗಿದರು. ತಂಗಿ ನನ್ನನ್ನು ಅಲ್ಲೇ ತಬ್ಬಿಕೊಂಡಳು.

ವ್ಯಾಪಾರಿ ಗಾದಿಯಿಂದ ಕುತ್ತಿಗೆ ಚಾಚಿ, "ಏನ್ರೀ ಇದು? ಮಂದಿ ಭತ್ತ ಏರಿದ್ರ ಕುಣೀತಾರ. ನೀವು ಹೆಂಗಸು ಏರಿದ್ರ ಕುಣಿಯಾಕತ್ತೀರಿ," ಅಂದರು.

ಆ ದಿನ ಮಧ್ಯಾಹ್ನ ಎಲ್ಲರೂ ನಗುತ್ತಾ ಉಂಡೆವು. ಉಂಡು ಎದ್ದು ಹಿತ್ತಿಲಿಗೆ ಹೋದೆ. ಅನ್ನ ಹೋಳಿಗೆ ಶುರುವಾದಾಗಿನಿಂದ ಹೊಟ್ಟೆ ಕಟ್ಟಿತ್ತು, ತಿಣುಕಿ ತಿಣುಕಿ ಸಾಕಾಗುತ್ತಿತ್ತು. ಅಂದೂ ತಿಣುಕಿದೆ. ಹೊಕ್ಕುಳಿನಲ್ಲಿ ಚಳಕ್ ಎಂದಿತು.

ಗಂಟು ಹೊರಗೆ ಬಂದಿತ್ತು. ಒಳಗೆ ಬಂದು ಅಂಗಾತ ಮಲಗಿದೆ. ಹೋಗಲಿಲ್ಲ. ಮೊಣಕಾಲು ಮಡಚಿದೆ, ಉಸಿರು ಬಿಗಿಹಿಡಿದೆ, ಬಿಟ್ಟೆ. ಹೋಗಲಿಲ್ಲ. ಮುಟ್ಟಿ ನೋಡಿದೆ, ಹಸಿ ಮಾವಿನಕಾಯಿಯ ಹಾಗೆ ಗಟ್ಟಿ. ಕೂಗಬೇಕೆಂದರೆ ದನಿ ಹೊರಡಲಿಲ್ಲ. ಪಕ್ಕದಲ್ಲಿದ್ದ ತಂಬಿಗೆಯನ್ನು ಒದ್ದು ಬೀಳಿಸಿದೆ. ಸೊಸೆ ಓಡಿಬಂದಳು.

ಓಣಿಯ ಆಟೋ ಸಿಕ್ಕಿತು. ನಾನು ಒಂದು ಕಡೆ ಒರಗಿ, ಸೀರೆ ಸರಿಸಿ, ತೊಗಲಿನ ಬಣ್ಣವನ್ನೇ ನೋಡುತ್ತಾ ಕುಳಿತೆ. ಕೆಂಪಗಾಗಿತ್ತು. ಇನ್ನೂ ನೇರಳೆ ಆಗಿರಲಿಲ್ಲ. ಆಟೋ ಮರದ ನೆರಳಿಗೆ ಹೋದಾಗಲೆಲ್ಲ ಬಣ್ಣ ಬದಲಾದ ಹಾಗೆ ಕಂಡು ಜೀವ ಬಾಯಿಗೆ ಬರುತ್ತಿತ್ತು. ತಂಗಿ ಕೈ ಇಟ್ಟು ತಿಕ್ಕಲು ಬಂದಳು.

"ಮುಟ್ಟಬ್ಯಾಡ!"

"ಯಕ್ಕಾ, ನಾನ ಉಣ್ಣು ಅಂದೆ. ನನ್ನ ಬಾಯಿಗೆ ಮಣ್ಣ ಹಾಕ."

"ಬಾಯಿ ಮುಚ್ಚು. ವಾಂತಿ ಬರಂಗ ಆಗೈತಿ. ವಾಂತಿ ಆತಂದ್ರ ಮುಗೀತು."

ನಮ್ಮ ಮನೆಯವರು ಮುಂದೆ ಡ್ರೈವರನ ಪಕ್ಕದಲ್ಲಿ ಕುಳಿತಿದ್ದರು. ಹಿಂದೆ ತಿರುಗಿ ನೋಡಲೇ ಇಲ್ಲ. ಕಾಲುವೆಯ ಸೇತುವೆ ಬಂದಾಗ ಅವರು ಕೈ ಮುಗಿದದ್ದು ಕಂಡೆ. ಅವರ ಅವ್ವ ಅಲ್ಲೇ ಹೋಗಿದ್ದಳು. ನಾನು ಹಲ್ಲು ಕಚ್ಚಿ ಸೇತುವೆ ದಾಟುವವರೆಗೆ ಉಸಿರಾಡಲಿಲ್ಲ.

ದವಾಖಾನೆಯಲ್ಲಿ ಮಂಚದ ಕಾಲು ಎತ್ತರಿಸಿ ತಲೆ ಕೆಳಗಾಗಿ ಮಲಗಿಸಿದರು. ಇಂಜೆಕ್ಷನ್ ಕೊಟ್ಟರು, ಗಂಟಿನ ಮೇಲೆ ಐಸು ಇಟ್ಟರು. ಆಮೇಲೆ ಡಾಕ್ಟರು ಎರಡೂ ಕೈಯಿಂದ ಮೆಲ್ಲಗೆ, ಬಹಳ ಹೊತ್ತು, ಒತ್ತುತ್ತಾ ಹೋದರು. ಅವರ ಹಣೆಯಲ್ಲಿ ಬೆವರು ಇತ್ತು. ಅವರಿಗೂ ಅಂಜಿಕೆ ಇದೆ ಎಂದು ತಿಳಿದು ನನಗೆ ಇನ್ನಷ್ಟು ಅಂಜಿಕೆಯಾಯಿತು. ಕೊನೆಗೆ ಹೊಟ್ಟೆಯೊಳಗೆ ಗುಡುಗುಡು ಸದ್ದಾಯಿತು. ಗಂಟು ಒಳಗೆ ಸರಿಯಿತು.

ಸ್ವಲ್ಪ ಹೊತ್ತು ಬಿಟ್ಟು ತೂಗಿಸಿದರು. ಮುಳ್ಳು ನೋಡಿ ಹುಬ್ಬು ಗಂಟು ಹಾಕಿದರು.

"ಛಲೋ ಇಳದಿರಬೇಕಲ್ಲಮ್ಮಾ ಈ ಹೊತ್ತಿಗೆ? ಏನು ಉಣ್ಣಾಕತ್ತಿದ್ದಿ?"

ನಾನು ಎಲ್ಲ ಹೇಳಿದೆ. ಕೊಡ ಅರ್ಧವಾದದ್ದು, ಬಳೆ ಜಾರಿದ್ದು, ಮಸ್ಕಿಯ ಮದುವೆ, ಉಡಿಯ ಗಂಟು, ಹೋಳಿಗೆ. ಡಾಕ್ಟರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತರು.

"ನನ್ನ ಯಾಕ ಕೇಳಲಿಲ್ಲ?"

"ನೀವು ಹೌದಂತೀರಿ ಅಂತ ಅಂಜಿದೆ ರೀ."

"ಸೊಪ್ಪು ಉಂಡಾಗ ಇಳದಿ, ಹೋಳಿಗಿ ಉಂಡಾಗ ಏರಿದಿ. ಒಳಗ ತಿನ್ನೋ ಬ್ಯಾನಿ ಇದ್ರ ಹೋಳಿಗೀನ ನಿನಗ ಬಿಡ್ತಿತ್ತೇನು?" ಅಂದರು. ಹಾಗಂದರೂ ರಕ್ತ ತೆಗೆಸಿದರು, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. ಸಂಜೆ ಎಲ್ಲ ನೋಡಿ, ಬೇರೆ ಏನೂ ಇಲ್ಲ, ಗಂಟು ಒಂದೇ ಅಂದರು. ತಂಗಿ ಅಲ್ಲೇ ನೆಲದ ಮೇಲೆ ಕುಳಿತು ದೇವರ ಹೆಸರು ಹೇಳಿದಳು. ಡಾಕ್ಟರು ಅವಳ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದರು.

"ಈ ಸಲ ಒಳಗ ಹೋತು. ಇನ್ನೊಮ್ಮಿ ಸಿಗಿಬಿದ್ರ ಹೋಗ್ತೈತಿ ಅಂತ ನಾನು ಹೇಳಂಗಿಲ್ಲ. ಚೀಲದ ಒಳಗ ಬಾ, ಬಂದ ದಿನಾನ ಕೊಯ್ತೀನಿ."

ಆಮೇಲೆ ಆ ತೂಕಕ್ಕೆ ಬಂದೆ, ಅವರು ಕೊಯ್ದು ಹೊಲಿದರು, ಹೊಲಿಗೆ ಇವತ್ತಿಗೂ ನಿಂತಿದೆ. ಆದರೆ ಆ ಸಂಜೆ ಅದು ಯಾವುದೂ ಗೊತ್ತಿರಲಿಲ್ಲ. ದೊಡ್ಡ ಬೇನೆಯ ಅಂಜಿಕೆ ಹೋಗಿತ್ತು, ಗಂಟಿನ ಅಂಜಿಕೆ ಎರಡು ಪಟ್ಟಾಗಿತ್ತು. ಆಟೋದಲ್ಲಿ ಮನೆಗೆ ಬರುವಾಗ ಕೆಮ್ಮು ಬಂದರೆ ಬಾಯಿಗೆ ಸೆರಗು ಒತ್ತಿಕೊಂಡೆ. ಮಲಗಿದರೂ ಒಂದು ಕೈ ಹೊಟ್ಟೆಯ ಮೇಲಿಂದ ತೆಗೆಯಲಿಲ್ಲ. ಹತ್ತಿರದಲ್ಲಿ ಯಾರಾದರೂ ಜೋರಾಗಿ ಮಾತಾಡಿದರೂ ಗಂಟು ಹೊರಗೆ ಬಂದೀತು ಅನ್ನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಎದ್ದಾಗ ತಂಗಿ ಒಲೆಯ ಮುಂದೆ ಕುಳಿತು, ಉಳಿದ ಹೋಳಿಗೆಗಳನ್ನು ಹಂಚಿನ ಮೇಲೆ ಬಿಸಿ ಮಾಡುತ್ತಿದ್ದಳು. "ಇವೊಂದೀಟು ಅದಾವು ಯಕ್ಕಾ, ಕೆಡ್ತಾವು," ಅಂದಳು. ಹಂಚನ್ನು ಇಕ್ಕಳದಿಂದ ಹಿಡಿದು ಕೆಳಗೆ ಇಳಿಸಿದೆ. ಹೋಳಿಗೆಗಳನ್ನು ಬಾಳೆ ಎಲೆಯಲ್ಲಿ ಸುತ್ತಿ, ಗೋದಾಮಿನ ಹಮಾಲರಿಗೆ ಕೊಟ್ಟು ಬಾ ಎಂದು ಅವಳನ್ನು ಹೊರಗೆ ಕಳಿಸಿದೆ. ಹಿತ್ತಿಲಿನ ಬಳ್ಳಿಯಿಂದ ಎಳೆಯ ಸೋರೆಕಾಯಿ ಕೊಯ್ದು ತಂದೆ. ಅದನ್ನು ದೊಡ್ಡದಾಗಿ ಹೆಚ್ಚಿ, ಎರಡು ಹಿಡಿ ಹೆಸರುಬೇಳೆ ಹಾಕಿ, ಎಣ್ಣೆಯಿಲ್ಲದೆ ಬೇಯಿಸಿ, ಹಸಿಮೆಣಸಿನಕಾಯಿ ಜೀರಿಗೆ ಜಜ್ಜಿ ಹಾಕಿದೆ. ತಂಗಿ ತಿರುಗಿ ಬರುವಷ್ಟರಲ್ಲಿ ಗಂಗಾಳದ ಅಂಚಿನವರೆಗೆ ಬಡಿಸಿಕೊಂಡು, ಎಡಗೈಯನ್ನು ಹೊಕ್ಕುಳಿನ ಮೇಲೆ ಒತ್ತಿ ಹಿಡಿದು, ಬಲಗೈಯಿಂದ ಉಣ್ಣುತ್ತಾ ಕುಳಿತಿದ್ದೆ.